ಟ್ರಂಕಿನ ತಳದಲ್ಲಿ ಊರಿನ ಚರಿತ್ರೆ



ನವರಾತ್ರಿ ಹತ್ತಿರ ಬಂತು. ಮಳೆಗಾಲವೆಲ್ಲ ಮುಚ್ಚಿಟ್ಟಿದ್ದ ಅಟ್ಟ, ಬೀರು, ಟ್ರಂಕುಗಳನ್ನು ತೆಗೆದು ಧೂಳು ಹೊಡೆಯುವ ಕಾಲ ಇದು. ಹಾಸಿಗೆಗಳು ಬಿಸಿಲಿಗೆ ಬರುತ್ತವೆ, ಹಿತ್ತಾಳೆ ಪಾತ್ರೆಗಳು ಹುಣಸೆಹಣ್ಣಿಗೆ ಬರುತ್ತವೆ, ಗೊಂಬೆಗಳು ಪೆಟ್ಟಿಗೆ ಬಿಟ್ಟು ಹೊರಗೆ ಬರುತ್ತವೆ. ಸರಿಯಾಗಿ ಇದೇ ಹೊತ್ತಿಗೆ ಬೀದಿಯಲ್ಲಿ "ಹಳೇ ಪೇಪರ್, ಹಳೇ ಕಬ್ಣಾ" ಅಂತ ಗುಜರಿಯವನ ಕೂಗೂ ಕೇಳಿಬರುತ್ತೆ. ನಮ್ಮ ಮನೆಗಳ ಕಾಗದಪತ್ರಗಳಿಗೆ ವರ್ಷದಲ್ಲೇ ಹೆಚ್ಚು ಅಪಾಯದ ವಾರ ಯಾವುದು ಅಂತ ಕೇಳಿದರೆ ನಾನು ಈ ವಾರವನ್ನೇ ತೋರಿಸುತ್ತೇನೆ. ಗೆದ್ದಲು ಹತ್ತು ವರ್ಷದಲ್ಲಿ ತಿನ್ನದೆ ಬಿಟ್ಟದ್ದನ್ನು ನಾವು ಒಂದು ಮಧ್ಯಾಹ್ನದಲ್ಲಿ ತಕ್ಕಡಿಗೆ ಹಾಕಿಬಿಡುತ್ತೇವೆ!

ಅದಕ್ಕೇ ಈ ಸಲ ಹಬ್ಬದ ತಿಂಡಿಯ ಮಾತು ಬೇಡ. ಟ್ರಂಕಿನ ತಳದಲ್ಲಿರುವ ಹಳೇ ಕಾಗದ, ಫೋಟೋ, ನೋಟುಪುಸ್ತಕಗಳ ಮಾತಾಡೋಣ.

"ಅಯ್ಯೋ, ಇವನ್ನೆಲ್ಲ ಇಟ್ಕೊಂಡು ಏನು ಮಾಡ್ತೀರ್ರೀ? ನಮ್ದೇನು ಅರಸರ ಮನೆತನವಾ?" ಅಂತ ಕೇಳುವವರು ಬಹಳ ಜನ. ಪ್ರಶ್ನೆ ಸರಿಯಾದದ್ದೇ. ಇರುವುದು ಎರಡು ಕೋಣೆ, ಒಂದು ಬೀರು. ಅದರಲ್ಲಿ ಬದುಕಿರುವವರ ಬಟ್ಟೆಗೇ ಜಾಗ ಸಾಲದು, ಇನ್ನು ಸತ್ತವರ ಕಾಗದ ಎಲ್ಲಿಡುವುದು? ಆದರೆ ಉತ್ತರ ಕೇಳಿದ ಮೇಲೆ ನೀವೇ ಒಂದು ಡಬ್ಬಕ್ಕೆ ಜಾಗ ಮಾಡಿಕೊಡುತ್ತೀರಿ ಅಂತ ನನಗೆ ನಂಬಿಕೆ.

ಒಂದು ಕಟ್ಟು ಕಾಗದ ಏನು ಮಾಡೀತು?

ನಮ್ಮ ಪಕ್ಕದ ಶೃಂಗೇರಿಯ ಮಾತು ಮೊದಲು ಹೇಳುತ್ತೇನೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಹಳೇ ಕಾಗದಗಳ ಒಂದು ಕಟ್ಟನ್ನು ಬಿಚ್ಚಿ ನೋಡಿದರು. ಅದರಲ್ಲಿ ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳಿದ್ದವು. 1791ರಲ್ಲಿ ಮರಾಠಾ ಸೈನ್ಯದವರು ಮಠವನ್ನು ಕೊಳ್ಳೆ ಹೊಡೆದಾಗಿನ ಸಂಗತಿ ಆ ಪತ್ರಗಳಿಂದಲೇ ವಿವರವಾಗಿ ತಿಳಿಯಿತು. ನೂರಿಪ್ಪತ್ತೈದು ವರ್ಷ ಯಾರೋ ಒಬ್ಬರು "ಇರಲಿ ಬಿಡು" ಅಂತ ಕಟ್ಟಿ ಇಟ್ಟದ್ದಕ್ಕೆ ಸಿಕ್ಕಿದ ಫಲ ಅದು. ಅದಕ್ಕೂ ಮುಂಚೆ, 1905ರಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿಯ ಕಟ್ಟೊಂದನ್ನು ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಆರ್. ಶಾಮಾಶಾಸ್ತ್ರಿಗಳು ಕೂತು ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು, ಪ್ರಪಂಚವೆಲ್ಲ ಬೆರಗಾಯಿತು.

"ಅದು ಮಠ, ಇದು ಪಂಡಿತರು. ನಮ್ಮ ಮನೇಲಿ ಇರೋದು ಗೇಣಿ ಚೀಟಿ, ಕಂದಾಯದ ರಶೀದಿ" ಅಂದಿರಾ? ಹಾಗಾದರೆ ನಮ್ಮ ಜಿಲ್ಲೆಗೇ ಬನ್ನಿ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಎಲ್ಲರಿಗೂ ಗೊತ್ತು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದು ಅನ್ನುವ ಜಗಳ ಬೆಳೆದು ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನವಾಗುವವರೆಗೆ ಹೋಯಿತು. ಆಮೇಲೆ 1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾಗಿ, ಉಳುವವನೇ ಹೊಲದೊಡೆಯ ಅಂತಾಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಆಗ ಗೋಡೆಯ ಗೂಡಿನಲ್ಲಿ, ಅಕ್ಕಿ ಡಬ್ಬದ ಕೆಳಗೆ ಹೆಂಗಸರು ಮಡಿಚಿಟ್ಟಿದ್ದ ಗೇಣಿ ಚೀಟಿ ಒಂದೊಂದು ಮನೆಗೆ ಎಷ್ಟು ಬಲ ಕೊಟ್ಟಿರಬೇಕು, ಯೋಚನೆ ಮಾಡಿ. ಚೀಟಿ ಇದ್ದವರಿಗೆ ಕಾಗದವೇ ಸಾಕ್ಷಿ. ಇಲ್ಲದವರು ಸಾಕ್ಷಿ ಹೇಳುವವರ ಮನೆಬಾಗಿಲು ಕಾಯಬೇಕು.

ಇದು ಹಳೇ ಕಥೆ ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಮನೆಯವರು ಕಾಡಂಚಿನ ಭೂಮಿಗೆ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬಾಳಿದ್ದಕ್ಕೆ ಆಧಾರ ತೋರಿಸಬೇಕು. ಒಂದೇ ಆಧಾರ ಸಾಲದು. ಏನೇನು ತೋರಿಸಬಹುದು ಅಂತ ನಿಯಮದಲ್ಲೇ ಪಟ್ಟಿ ಇದೆ: ಸರ್ಕಾರಿ ದಾಖಲೆ, ಮನೆ ಕಂದಾಯದ ರಶೀದಿ, ರೇಷನ್ ಕಾರ್ಡು, ಹಳೇ ಮನೆ-ಬಾವಿಯ ಗುರುತು, ವಂಶವೃಕ್ಷ, ಹಿರಿಯರು ಹೇಳಿ ಬರೆಸಿದ ಮಾತು. ನಮ್ಮ ಮಲೆನಾಡಿನಲ್ಲಿ ಈ 75 ವರ್ಷದ ಗಂಟೇ ಎಷ್ಟೋ ಮನೆಗಳಿಗೆ ಬಿಡಿಸಲಾಗದ ಗಂಟಾಗಿದೆ. ಅಜ್ಜನ ಕಾಲದ ಒಂದು ರಶೀದಿ ಅಲ್ಲಿ ಬರೀ ನೆನಪಲ್ಲ, ಅನ್ನ.

ಶರಾವತಿಯ ಕಥೆಯೂ ಹಾಗೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರಿಗೆ ಊರೇ ಮುಳುಗಿದವು. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನೊಳಗೆ ಹೋಯಿತು ಅಂದಮೇಲೆ ಮನೆ, ತೋಟ, ಗದ್ದೆಗಳ ಪಾಡೇನು! ಹಾಗೆ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ನಮ್ಮ ವಿದ್ಯಾನಗರದಲ್ಲೇ ಅಂಥ ಮನೆಯ ಅಜ್ಜಿಯೊಬ್ಬರಿದ್ದಾರೆ. ಹುಟ್ಟಿದ ಊರಿನ ಗುರುತು ಅಂತ ಅವರ ಹತ್ತಿರ ಇರುವುದು ಎರಡೇ: ಒಂದು ಕಂದಾಯದ ರಶೀದಿ, ಮತ್ತೆ ಅಂಗಳದಲ್ಲಿ ಭತ್ತದ ಕಣಜದ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೋ. "ನಮ್ಮೂರು ನೋಡ್ಬೇಕು ಅಂದ್ರೆ ಇದನ್ನೇ ನೋಡ್ಬೇಕು ಕಣವ್ವಾ. ಅಲ್ಲಿಗೆ ಬಸ್ಸಿಲ್ಲ" ಅನ್ನುತ್ತಾರೆ. ಆ ಊರು ಈಗ ಭೂಮಿಯ ಮೇಲಿಲ್ಲ. ಆ ಫೋಟೋದಲ್ಲಿ ಮಾತ್ರ ಇದೆ.

ಹೆಂಗಸರ ಹೆಸರು ಎಲ್ಲಿದೆ?

ಇನ್ನೊಂದು ಸಂಗತಿ. ಸರ್ಕಾರದ ಹಳೇ ದಾಖಲೆಗಳನ್ನು ತಿರುವಿ ನೋಡಿ. ಪಹಣಿಯಲ್ಲಿ ಅಜ್ಜನ ಹೆಸರು, ಕ್ರಯಪತ್ರದಲ್ಲಿ ಮುತ್ತಜ್ಜನ ಹೆಸರು. ಅಜ್ಜಿ ಬಂದರೂ "ಕೋಂ" ಅಂತ ಗಂಡನ ಹೆಸರಿನ ಬಾಲವಾಗಿ ಬರುತ್ತಾಳೆ. ಹಾಗಾದರೆ ಆ ಮನೆಯಲ್ಲಿ ಐವತ್ತು ವರ್ಷ ಒಲೆ ಉರಿಸಿದವಳು ಎಲ್ಲಿ ಹೋದಳು? ನಾನು ಹೇಳುತ್ತೇನೆ ಕೇಳಿ. ಅವಳು ಹಾಡಿನ ಪುಸ್ತಕದಲ್ಲಿದ್ದಾಳೆ. ಮದುವೆಯ ಮುಯ್ಯಿ ಬರೆದ ಪುಸ್ತಕದಲ್ಲಿದ್ದಾಳೆ. ರಂಗೋಲಿಯ ಚುಕ್ಕಿ ಲೆಕ್ಕ ಬರೆದ ನೋಟುಬುಕ್ಕಿನಲ್ಲಿ, ಬಾಣಂತಿ ಖಾರದ ಸಾಮಾನು ಪಟ್ಟಿಯಲ್ಲಿ, ತವರಿಗೆ ಬರೆದ ಕಾರ್ಡಿನಲ್ಲಿ, ಹಾಲಿನ ಲೆಕ್ಕದಲ್ಲಿ ಇದ್ದಾಳೆ. ಗುಜರಿಗೆ ಮೊದಲು ಹೋಗುವುದು ಇವೇ. ಗಂಡಸರ ಪತ್ರಗಳಿಗೆ ಸ್ಟಾಂಪು ಇರುತ್ತೆ, ಸೀಲು ಇರುತ್ತೆ. ಅದಕ್ಕೆ ಬೀರುವಿನ ಲಾಕರ್. ಹೆಂಗಸರ ಬರವಣಿಗೆಗೆ ಎಣ್ಣೆ ಕಲೆ ಇರುತ್ತೆ, ಅದಕ್ಕೆ ತಕ್ಕಡಿ.

ಆದರೆ ಆ ಎಣ್ಣೆ ಕಲೆಯ ಪುಸ್ತಕದಲ್ಲಿ ಎಷ್ಟು ಚರಿತ್ರೆ ಇದೆ ನೋಡಿ. ನಮ್ಮತ್ತೆಯವರ ಅಡುಗೆ ಪುಸ್ತಕದ ಮೊದಲ ಪುಟಗಳಲ್ಲಿ ಎಲ್ಲವೂ ಸೇರು, ಪಾವು, ಚಟಾಕು. ಸ್ವಲ್ಪ ಮುಂದೆ ಹೋದರೆ ಗ್ರಾಂ, ಲೀಟರು. ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ 1958ರಿಂದ ಶುರುವಾಗಿ 1962ಕ್ಕೆ ಕಡ್ಡಾಯವಾಯಿತು. ಸರ್ಕಾರದ ಆ ದೊಡ್ಡ ಬದಲಾವಣೆ ಒಂದು ಅಡುಗೆಮನೆಗೆ ಯಾವಾಗ ಬಂತು, ಯಾವ ಪುಟದಲ್ಲಿ ಬಂತು ಅಂತ ಆ ಪುಸ್ತಕ ಹೇಳುತ್ತೆ. ಇನ್ಯಾವ ಗೆಜೆಟಿಯರಿನಲ್ಲಿ ಅದು ಸಿಗುತ್ತೆ ಹೇಳಿ? ಮುಯ್ಯಿ ಪುಸ್ತಕದಲ್ಲೂ ಅಷ್ಟೇ. ಯಾವ ಊರಿನಿಂದ ಯಾರು ಬಂದರು, ಯಾರು ಎರಡು ರೂಪಾಯಿ ಓದಿಸಿದರು, ಯಾರು ತೆಂಗಿನಕಾಯಿ ಕೊಟ್ಟರು. ಆಗಿನ ನಂಟುಗಳ ಭೂಪಟವೇ ಅದು.

ತೀರ್ಥಹಳ್ಳಿಯ ಮಗಳು ಎಂ. ಕೆ. ಇಂದಿರಾ ಅವರನ್ನು ನಮ್ಮ ಓದುಗರಿಗೆ ಹೇಳಿ ಪರಿಚಯಿಸಬೇಕಾಗಿಲ್ಲ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಶಾಲೆ ಬಿಟ್ಟವರು. ಮನೆಯ ಹಿರಿಯರ ಬಾಯಲ್ಲಿ ಉಳಿದಿದ್ದ ಒಬ್ಬ ಬಾಲವಿಧವೆಯ ನಿಜ ಬದುಕನ್ನೇ ಅವರು 1976ರಲ್ಲಿ 'ಫಣಿಯಮ್ಮ' ಅಂತ ಬರೆದರು. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಮನೆಯವರು ನೆನಪಿಟ್ಟು ಹೇಳದೆ ಹೋಗಿದ್ದರೆ ಆ ಹೆಂಗಸು ಬದುಕಿದ್ದ ಗುರುತೂ ಉಳಿಯುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಒಬ್ಬ ಫಣಿಯಮ್ಮ ಇರಬಹುದು. ಅವಳ ಹೆಸರನ್ನಾದರೂ ಬರೆದಿಡಿ.

ನಮ್ಮ ಭದ್ರಾವತಿಯ ಮಾತು

ಭದ್ರಾವತಿಯ ಸೋದರಿಯರಿಗೆ ಒಂದು ವಿಶೇಷ ಮಾತು. ಬೆಂಕಿಪುರ ಅಂತಿದ್ದ ಊರಿನಲ್ಲಿ 1923ರಲ್ಲಿ ಸೌದೆ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕುಲುಮೆ ಹತ್ತಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಿಲ್ಲಿಸಿ ನಡೆಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ಕನ್ನಡದವರ ಜೊತೆಗೆ ತಮಿಳು, ತೆಲುಗು, ಮಲಯಾಳದವರೂ ಬಂದು ನ್ಯೂಟೌನು, ಪೇಪರ್‌ಟೌನುಗಳಲ್ಲಿ ಸಂಸಾರ ಹೂಡಿದರು. ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ನಾಲ್ಕು ಭಾಷೆಯ ಒಗ್ಗರಣೆ ವಾಸನೆ! ಈಗ ಏನಾಗಿದೆ? ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು.

ಕಾರ್ಖಾನೆಯ ಲೆಕ್ಕಪತ್ರ ಏನಾಗುತ್ತೋ ಅದು ದೊಡ್ಡವರ ಮಾತು. ಆದರೆ ನಿಮ್ಮ ಮಾವನವರ ಗೇಟ್ ಪಾಸು, ಸಂಬಳದ ಚೀಟಿ, ಕ್ವಾರ್ಟರ್ಸು ಮಂಜೂರಾದ ಕಾಗದ, ಆಯುಧಪೂಜೆಯ ದಿನ ಯಂತ್ರದ ಮುಂದೆ ಬಾಳೆಕಂಬ ಕಟ್ಟಿ ತೆಗೆಸಿದ ಗುಂಪು ಫೋಟೋ, ಯೂನಿಯನ್ನಿನ ಕರಪತ್ರ, ಕಾರ್ಖಾನೆ ಶಾಲೆಯ ಮಾರ್ಕ್ಸ್ ಕಾರ್ಡು, ಇವೆಲ್ಲ ನಿಮ್ಮ ಕೈಯಲ್ಲಿವೆ. ಕ್ವಾರ್ಟರ್ಸ್ ಖಾಲಿ ಮಾಡಿ ಬೆಂಗಳೂರಿಗೆ ಮಗನ ಮನೆಗೆ ಹೋಗುವಾಗ ದಯವಿಟ್ಟು ಇವನ್ನು ಬಿಟ್ಟು ಹೋಗಬೇಡಿ. ಒಂದು ಊರು ನೂರು ವರ್ಷ ಹೇಗೆ ದುಡಿದು ಉಂಡಿತು ಅಂತ ಹೇಳುವುದಕ್ಕೆ ನಾಳೆ ಇವೇ ಉಳಿಯುವುದು.

ಮಲೆನಾಡಿನಲ್ಲಿ ಕಾಗದ ಕಾಪಾಡುವುದು ಹೇಗೆ?

ಈಗ ಕೆಲಸದ ಮಾತು. ಕಾಗದಕ್ಕೆ ನಮ್ಮ ಕಡೆ ಶತ್ರುಗಳು ನಾಲ್ಕು: ಥಂಡಿ, ಹುಳ, ಬೆಳಕು, ಮತ್ತೆ ನಮ್ಮ ಅತಿ ಪ್ರೀತಿ.

ಮೊದಲು ಜಾಗ. ಹಂಚಿನ ಕೆಳಗಿನ ಅಟ್ಟ ಬೇಡ. ಬೇಸಿಗೆಯಲ್ಲಿ ಕಾಯುತ್ತೆ, ಮಳೆಯಲ್ಲಿ ಸೋರುತ್ತೆ. ಅಡುಗೆಮನೆ, ಬಚ್ಚಲುಮನೆಯ ಗೋಡೆಗೆ ತಾಗಿದ ಬೀರು ಬೇಡ. ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ನೆಲದ ಮೇಲೂ ಇಡಬೇಡಿ, ಗೆದ್ದಲು ಅಲ್ಲಿಂದಲೇ ಹತ್ತುವುದು. ನಡುಮನೆಯ ಒಳಗೋಡೆಯ ಬೀರುವಿನಲ್ಲಿ ಎದೆಮಟ್ಟದ ಅರೆಯೇ ಎಲ್ಲಕ್ಕಿಂತ ವಾಸಿ. ತುಕ್ಕು ಹಿಡಿಯದ ತಗಡಿನ ಡಬ್ಬ ಅಥವಾ ಗಟ್ಟಿ ರಟ್ಟಿನ ಡಬ್ಬ ಸಾಕು. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಡಬ್ಬದ ಮೂಲೆಗೆ ಹಾಕಿ, ತೇವ ಹೀರುತ್ತೆ. ಮಕ್ಕಳ ಕೈಗೆ ಮಾತ್ರ ಸಿಗಬಾರದು.

ಡಾಂಬರು ಗುಳಿಗೆಯನ್ನು ಕಾಗದಕ್ಕೂ ಫೋಟೋಕ್ಕೂ ತಾಗಿಸಬೇಡಿ. ನಮ್ಮ ಹಿರಿಯರು ತಾಳೆಗರಿ ಕಟ್ಟಿನ ಜೊತೆ ಬಜೆ, ಒಣಗಿದ ಬೇವಿನ ಸೊಪ್ಪು ಇಡುತ್ತಿದ್ದರು. ಅದನ್ನು ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ ಡಬ್ಬದ ಮೂಲೆಯಲ್ಲಿ ಇಡಿ, ವರ್ಷಕ್ಕೊಮ್ಮೆ ಬದಲಾಯಿಸಿ. ಸೊಪ್ಪು ಗರಿಗರಿಯಾಗಿ ಒಣಗಿರಬೇಕು. ಹಸಿ ಸೊಪ್ಪು ಹಾಕಿದರೆ ಬೂಷ್ಟನ್ನು ನಾವೇ ಕರೆದ ಹಾಗೆ.

ಕಾಗದ ಒಣಗಲಿ ಅಂತ ಉರಿಬಿಸಿಲಿಗೆ ಹರಡಬೇಡಿ. ಹಪ್ಪಳಕ್ಕೆ ಬಿಸಿಲು ಬೇಕು. ಫೋಟೋಕ್ಕೆ, ಶಾಯಿಗೆ ಬಿಸಿಲು ವಿಷ, ಬಣ್ಣ ಹಾರುತ್ತೆ. ನವರಾತ್ರಿಯ ಒಣಹವೆಯ ದಿನ ನೆರಳಿನಲ್ಲಿ, ಗಾಳಿ ಆಡುವ ಕಡೆ ಎರಡು ಗಂಟೆ ಬಿಚ್ಚಿಟ್ಟರೆ ಸಾಕು.

ಕಾಗದದಲ್ಲಿರುವ ಗುಂಡುಸೂಜಿ, ಸ್ಟೇಪ್ಲರ್ ಪಿನ್ನು, ಜೆಮ್ ಕ್ಲಿಪ್ಪು ತೆಗೆಯಿರಿ. ತುಕ್ಕು ಕಾಗದವನ್ನು ತಿಂದು ತೂತು ಮಾಡುತ್ತೆ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತೆ. ಬದಲಿಗೆ ಬಿಳಿ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ. ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ ಚಪ್ಪಟೆಯಾಗಿ ಇಡಿ, ಹರಿಯುವುದು ಯಾವಾಗಲೂ ಮಡಿಕೆಯಲ್ಲೇ. ಹರಿದಿದ್ದರೆ ಸೆಲೋಟೇಪು ಮಾತ್ರ ಹಾಕಬೇಡಿ! ನಾಲ್ಕೈದು ವರ್ಷಕ್ಕೆ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತೆ. ಲ್ಯಾಮಿನೇಷನ್ನೂ ಬೇಡ. ಅದು ಬಿಸಿಯಲ್ಲಿ ಅಂಟಿಸುವುದು, ಒಮ್ಮೆ ಮಾಡಿದರೆ ಮತ್ತೆ ಬಿಡಿಸಲಾಗದು. ಹರಿದ ಎರಡು ಚೂರನ್ನೂ ಒಂದು ಬಿಳಿ ಹಾಳೆಯ ಮಡಿಕೆಯೊಳಗೆ ಹಾಗೇ ಇಟ್ಟರೆ ಅದೇ ಒಳ್ಳೆ ಚಿಕಿತ್ಸೆ.

ಪತ್ರಿಕೆಯಿಂದ ಕತ್ತರಿಸಿದ ಚೂರುಗಳನ್ನು ಪುಸ್ತಕಕ್ಕೆ ಅಂಟಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಒಳ್ಳೆ ಅಭ್ಯಾಸವೇ. ಆದರೆ ನ್ಯೂಸ್‌ಪ್ರಿಂಟು ಮರವನ್ನು ಅರೆದು ಮಾಡಿದ ಕಾಗದ. ಅದರಲ್ಲಿ ಉಳಿದ ಲಿಗ್ನಿನ್ ಅನ್ನುವ ವಸ್ತು ಗಾಳಿ, ಬೆಳಕಿಗೆ ಹಳದಿಯಾಗುತ್ತೆ, ಹುಳಿಯಾಗುತ್ತೆ, ಪಕ್ಕದ ಹಾಳೆಗೂ ಕಲೆ ಹಚ್ಚುತ್ತೆ. ಪೇಪರ್‌ಟೌನಿನವರಿಗೆ ಇದು ಹೊಸ ಸುದ್ದಿಯಲ್ಲ! ಆದ್ದರಿಂದ ಚೂರಿನ ಜೆರಾಕ್ಸನ್ನು ಒಳ್ಳೆ ಬಿಳಿ ಹಾಳೆಯ ಮೇಲೆ ತೆಗೆಸಿ ಅದನ್ನು ಪುಸ್ತಕದಲ್ಲಿಡಿ. ಪತ್ರಿಕೆಯ ಹೆಸರು, ತಾರೀಖು ಮರೆಯದೆ ಬರೆಯಿರಿ. ತಾರೀಖಿಲ್ಲದ ಸುದ್ದಿ ಉಪ್ಪಿಲ್ಲದ ಸಾರು.

ಫೋಟೋಗಳ ಆರೈಕೆ

ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ, ಕೈಯ ಎಣ್ಣೆ ಜಿಡ್ಡು ಮುಖದ ಮೇಲೆ ಕೂರಬಾರದು. ಅಂಟಿನ ಹಾಳೆ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಂಗಳು ನೋಡಲು ಚಂದ, ಆದರೆ ವರ್ಷಗಳಾದ ಮೇಲೆ ಫೋಟೋ ಬಿಡಿಸಲು ಬರುವುದಿಲ್ಲ. ನಮ್ಮ ಅಜ್ಜಂದಿರ ಕಾಲದ ಕಪ್ಪು ಹಾಳೆ, ಮೂಲೆ ಸಿಕ್ಕಿಸುವ ಆಲ್ಬಂಗಳೇ ಎಷ್ಟೋ ಮೇಲು.

ಗೋಡೆಯ ಮೇಲಿನ ಹಿರಿಯರ ಫೋಟೋಕ್ಕೆ ನಾವು ಹಾರ ಹಾಕುತ್ತೇವೆ, ಗಂಧ ಕುಂಕುಮ ಇಡುತ್ತೇವೆ, ಊದುಬತ್ತಿ ಹಚ್ಚುತ್ತೇವೆ. ಭಕ್ತಿ ಸರಿ. ಆದರೆ ಹೂವಿನ ನೀರು ಚೌಕಟ್ಟಿನೊಳಗೆ ಇಳಿಯುತ್ತೆ, ಹೊಗೆ ಕೂರುತ್ತೆ, ಚಿತ್ರ ಗಾಜಿಗೆ ಅಂಟಿಕೊಳ್ಳುತ್ತೆ. ಒಂದು ಪ್ರತಿ ಮಾಡಿಸಿ ಅದಕ್ಕೆ ಹಾರ ಹಾಕಿ, ಮೂಲವನ್ನು ಡಬ್ಬದಲ್ಲಿಡಿ. ಅಜ್ಜ ಅಜ್ಜಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ! ಆಗಲೇ ಗಾಜಿಗೆ ಅಂಟಿದ್ದರೆ ಎಳೆಯಬೇಡಿ; ಗಾಜಿನ ಮೇಲಿಂದಲೇ, ದೀಪದ ಹೊಳಪು ಬೀಳದ ಹಾಗೆ, ಫೋಟೋ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ: ಹಿಂದೆ ಬರೆಯಿರಿ. ಬಾಲ್‌ಪೆನ್ನು ಬೇಡ, ಅದು ಒತ್ತಿದ ಗೀಟು ಮುಂದೆ ಮೂಡುತ್ತೆ. ಮೆತ್ತನೆ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ: ಯಾರು, ಎಲ್ಲಿ, ಯಾವಾಗ. "ಅಮ್ಮ" ಅಂತ ಬರೆಯಬೇಡಿ. ನಿಮಗೆ ಅಮ್ಮ, ನಿಮ್ಮ ಮೊಮ್ಮಗಳಿಗೆ ಯಾರು? ಪೂರ್ತಿ ಹೆಸರು, ತವರೂರು ಬರೆಯಿರಿ. ಎಡದಿಂದ ಬಲಕ್ಕೆ ಸಾಲಾಗಿ ಎಲ್ಲರ ಹೆಸರನ್ನೂ ಬರೆಯಿರಿ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಕೆಲಸದಾಕೆಯ ಹೆಸರನ್ನೂ ಬರೆಯಿರಿ. ಹಿಂದೆ ಸ್ಟುಡಿಯೋದ ಸೀಲಿದ್ದರೆ ಅಳಿಸಬೇಡಿ, ವರ್ಷ ಪತ್ತೆಮಾಡಲು ಅದೇ ದಾರಿ.

ಇದನ್ನು ನಾಳೆಗೆ ಇಡಬೇಡಿ. ಮನೆಯ ಹಿರಿಯರ ಪಕ್ಕದಲ್ಲಿ ಮಧ್ಯಾಹ್ನ ಊಟವಾದ ಮೇಲೆ ದಿನಕ್ಕೆ ಐದು ಫೋಟೋ ಇಟ್ಟುಕೊಂಡು ಕೂರಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಫೋನಿನಲ್ಲಿ ದನಿಯನ್ನೂ ಹಿಡಿದಿಡಿ. ಹೋದ ವರ್ಷ ಹೀಗೆ ಕೂತಾಗ ನಮ್ಮತ್ತೆ ಒಂದೇ ಗುಂಪು ಫೋಟೋದಲ್ಲಿ ಹದಿನೇಳು ಜನರ ಹೆಸರು ಹೇಳಿದರು. ಹದಿನೆಂಟನೆಯವರ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದು, "ಇವಳು ನನ್ನ ಜೊತೇಲಿ ಬಾವಿಗೆ ಬರ್ತಿದ್ಲು. ಹೆಸರು ಬಾಯಿಗೆ ಬರ್ತಿಲ್ಲ ನೋಡು" ಅಂದರು. ಆ ಹೆಸರು ಇನ್ನು ಯಾರ ಬಾಯಿಗೂ ಬರುವುದಿಲ್ಲ.

ನೀರು ನುಗ್ಗಿದರೆ

2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಒದ್ದೆ ಫೋಟೋಗಳನ್ನು ಒಂದರ ಮೇಲೊಂದು ಒಣಗಲು ಬಿಡಬೇಡಿ, ಇಟ್ಟಿಗೆಯಾಗುತ್ತವೆ. ತಣ್ಣೀರಿನಲ್ಲಿ, ಉಜ್ಜದೆ, ಕೆಸರು ಬಿಡಿಸಿ; ಅಂಟಿದ್ದರೆ ನೀರಿನೊಳಗೇ ಮೆಲ್ಲಗೆ ಬೇರೆ ಮಾಡಿ. ಹಳೇ ಬಿಳಿ ಪಂಚೆಯ ಮೇಲೆ ಮುಖ ಮೇಲಾಗಿ ನೆರಳಿನಲ್ಲಿ ಹರಡಿ. ಶಾಯಿಯಲ್ಲಿ ಬರೆದ ಕಾಗದವನ್ನು ಮಾತ್ರ ತೊಳೆಯಬೇಡಿ, ಬಟ್ಟೆಯಿಂದ ಒತ್ತಿ ನೀರು ತೆಗೆದು ಗಾಳಿಗೆ ಬಿಡಿ. ಇಸ್ತ್ರಿ ಪೆಟ್ಟಿಗೆ ಇಡಬೇಡಿ. ಎರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತೆ. ರಾಶಿ ದೊಡ್ಡದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಐಸ್ ಮಾಡುವ ಖಾನೆಯಲ್ಲಿಟ್ಟರೆ ಬೂಷ್ಟು ತಡೆಯುತ್ತೆ. ಆಮೇಲೆ ಬಿಡುವಾದಾಗ ಸ್ವಲ್ಪ ಸ್ವಲ್ಪ ತೆಗೆದು ಒಣಗಿಸಬಹುದು. ಕರೆಂಟು ಹೋಗದಿರಲಿ ಅಂತ ಬೇಡಿಕೊಳ್ಳಿ!

ನೀರು, ಬೆಂಕಿಗೆ ಸಿಗದ ಪ್ರತಿ ಬೇಕಾದರೆ ಫೋನು ಇದೆಯಲ್ಲ. ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ತೆಗೆಯಿರಿ. ಹಿಂಭಾಗದ ಬರಹವನ್ನೂ ತೆಗೆಯಿರಿ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗುತ್ತೆ, 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ಬೇರೆ ಊರಿನ ಮಗಳಲ್ಲೋ ತಂಗಿಯಲ್ಲೋ ಇರಲಿ. ಫೋನಿನಲ್ಲಿ ಇದೆ ಅಂತ ಮೂಲವನ್ನು ಎಸೆಯಬೇಡಿ. ಫೋನು ಐದು ವರ್ಷದ ಗಿರಾಕಿ, ಕಾಗದ ನೂರು ವರ್ಷದ್ದು.

ಒಂದು ಕಷ್ಟದ ಪ್ರಶ್ನೆ

ಹೊಸನಗರದ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: "ಅತ್ತೆಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ತವರಿಗೆ ಬರೆದು ಅಂಚೆಗೆ ಹಾಕದೆ ಉಳಿದ ಕಾಗದಗಳು ಸಿಕ್ಕಿವೆ. ಮನೆಯವರು ಕೊಟ್ಟ ಕಷ್ಟವನ್ನೆಲ್ಲ ಬರೆದಿದ್ದಾರೆ. ಗಂಡನ ಮನೆಯವರು ಸುಟ್ಟುಬಿಡು ಅನ್ನುತ್ತಾರೆ. ಏನು ಮಾಡಲಿ?"

ತಂಗೀ, ಸುಡಬೇಡಿ. ಬದುಕಿರುವಾಗ ಆಡಲಾಗದ ಮಾತನ್ನು ಅವರು ಕಾಗದಕ್ಕೆ ಹೇಳಿ ಇಟ್ಟಿದ್ದಾರೆ. ಅದನ್ನೂ ಸುಟ್ಟರೆ ಅವರನ್ನು ಎರಡನೇ ಸಲ ಸುಟ್ಟ ಹಾಗೆ. ಹಾಗಂತ ಊರಿಗೆಲ್ಲ ಓದಿ ಹೇಳುವುದೂ ಬೇಡ. ಅದರಲ್ಲಿ ಹೆಸರಿರುವವರು ಇನ್ನೂ ಬದುಕಿರಬಹುದು, ಅವರ ಮಕ್ಕಳಿಗೆ ನೋವಾಗಬಹುದು. ಒಂದು ಲಕೋಟೆಗೆ ಹಾಕಿ ಅಂಟಿಸಿ, ಮೇಲೆ "ಮೊಮ್ಮಕ್ಕಳ ಕಾಲಕ್ಕೆ ಬಿಚ್ಚತಕ್ಕದ್ದು" ಅಂತ ಒಂದು ವರ್ಷ ಹಾಕಿ ಬರೆದು ನಂಬಿಕೆಯವರ ಕೈಗೆ ಕೊಡಿ. ಮನೆಯ ಚರಿತ್ರೆ ಅಂದರೆ ಮದುವೆ, ಮುಂಜಿ, ಗೃಹಪ್ರವೇಶದ ಫೋಟೋ ಮಾತ್ರವಲ್ಲ. ಆ ಕಾಲದ ಸೊಸೆಯರು ಹೇಗೆ ಬದುಕಿದರು ಅಂತ ಮುಂದಿನವರಿಗೆ ಹೇಳುವುದಕ್ಕೆ ಅಂಥ ಕಾಗದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ನಮ್ಮ ನಂತರ?

ಮಕ್ಕಳಿಗೆ ಆಸಕ್ತಿ ಇಲ್ಲ, ಮನೆ ಹಿಸ್ಸೆಯಾಗುತ್ತೆ, ಆಗ ಏನು? ಸಾಗರದ ಹತ್ತಿರದ ಕೆಳದಿಗೆ ಒಮ್ಮೆ ಹೋಗಿಬನ್ನಿ. ಕೆಳದಿ ಗುಂಡಾ ಜೋಯಿಸರು ಮನೆಮನೆಯ ತಾಳೆಗರಿ, ಕಡತಗಳನ್ನು ಕೂಡಿಹಾಕಿ, ಓದಿ, ಅಲ್ಲೊಂದು ವಸ್ತುಸಂಗ್ರಹಾಲಯವನ್ನೇ ಬೆಳೆಸಿದರು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಕಡತ ಅಂದರೆ ಗೊತ್ತಲ್ಲ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದದ್ದು. ಹುಣಸೆಬೀಜದ ಕೆಲಸ ಮಾಡಿದವರು ಯಾರು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ನಿಮ್ಮ ಊರಿನ ಕಾಲೇಜಿನ ಇತಿಹಾಸದ ಮೇಷ್ಟರನ್ನೂ ಕೇಳಿ.

ಕೊಡುವಾಗ ಎರಡು ಎಚ್ಚರ. ಒಂದು, ಏನೇನು ಕೊಟ್ಟಿರಿ ಅಂತ ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ. ನೋಡಿ ಕೊಡುತ್ತೇನೆ ಅಂತ ಒಯ್ದವರಿಂದ ವಾಪಸು ಬಾರದ ಆಲ್ಬಂಗಳು ನಮ್ಮ ಪೇಟೆಯಲ್ಲೇ ಹಲವಿವೆ. ಇನ್ನೊಂದು, ಜಮೀನು, ಮನೆಗೆ ಸಂಬಂಧಪಟ್ಟ ಮೂಲಪತ್ರಗಳನ್ನು ಯಾರಿಗೂ ಕೊಡಬೇಡಿ, ಜೆರಾಕ್ಸು ಮಾತ್ರ ಕೊಡಿ. ಹಿಸ್ಸೆಯ ದಿನ ಪಾತ್ರೆಪಡಗ ಹಂಚುವಾಗ ಕಾಗದದ ಡಬ್ಬವನ್ನ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳೇ, ಧೈರ್ಯವಾಗಿ "ಅದು ನನಗಿರಲಿ" ಅನ್ನಿ. ಯಾರೂ ಬೇಡ ಅನ್ನಲಾರರು!

ಈ ಹಬ್ಬಕ್ಕೆ ಎಲ್ಲವನ್ನೂ ಮಾಡಿ ಮುಗಿಸಬೇಕೆಂದಿಲ್ಲ. ಗುಜರಿಯವನ ತಕ್ಕಡಿ ಏಳುವ ಮುಂಚೆ ಹಳೇ ಕಾಗದದ ರಾಶಿಯನ್ನು ಒಮ್ಮೆ ಕೈಯಿಂದ ತಿರುವಿ ನೋಡಿ, ಅಷ್ಟು ಸಾಕು. ಸರಸ್ವತಿ ಪೂಜೆಯ ದಿನ ಮಕ್ಕಳ ಪುಸ್ತಕದ ಪಕ್ಕದಲ್ಲಿ ಅಜ್ಜಿಯ ಹಾಡಿನ ಪುಸ್ತಕವನ್ನೂ ಇಟ್ಟು ಒಂದು ಹೂ ಏರಿಸಿ. ಅದೂ ವಿದ್ಯೆಯೇ.

ನಿಮ್ಮ ಟ್ರಂಕಿನಲ್ಲಿ ಏನು ಸಿಕ್ಕಿತು ಅಂತ ನನಗೆ ಬರೆಯಿರಿ. ಮೂಲ ಕಳಿಸಬೇಡಿ, ಒಂದು ಕಾರ್ಡಿನಲ್ಲಿ ವಿವರ ಬರೆದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಸೇರು-ಪಾವಿನ ಅಳತೆಯ ಹಳೇ ಅಡುಗೆಗಳನ್ನು ಈಗಿನ ಗ್ರಾಂ ಲೆಕ್ಕಕ್ಕೆ ಇಳಿಸಿ ಕೊಡುತ್ತೇನೆ.